ಗಾಲಿ ಮನೆಯ ಕರೆಂಟು ಲೆಕ್ಕ

ಗ್ಯಾಸ್ ಸಿಲಿಂಡರ್ ತುಂಬಿದೆ, ಹೀಟರ್ ಹೊಸದು, ಹೊರಗೆ ಐದು ಡಿಗ್ರಿ ಚಳಿ. ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಹೀಟರಿನ ಫ್ಯಾನ್ ತಿರುಗುವ ಸದ್ದು ಕೇಳುತ್ತದೆ, ಬೆಂಕಿ ಮಾತ್ರ ಹೊತ್ತುವುದಿಲ್ಲ. ಒಂದೆರಡು ಸಲ ಹಾಗೆ ಮಾಡಿ ಅದು ಸುಮ್ಮನಾಗುತ್ತದೆ. ಕಂಬಳಿ ಹೊದ್ದ ಯಜಮಾನರು ಟಾರ್ಚ್ ಹಿಡಿದು ಹೊರಗೆ ಹೋಗಿ ಸಿಲಿಂಡರ್ ಅಲ್ಲಾಡಿಸಿ ನೋಡುತ್ತಾರೆ. ಗ್ಯಾಸ್ ಇದೆ. ಮುಗಿದಿರುವುದು ಬ್ಯಾಟರಿ.

ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ, ಅಡುಗೆಮನೆ, ಬಚ್ಚಲು, ಮಂಚ ಎಲ್ಲವೂ ಇರುವ ಟ್ರಾವೆಲ್ ಟ್ರೈಲರನ್ನು ಅಮೆರಿಕದಲ್ಲಿ ಹೊಸದಾಗಿ ಕೊಂಡವರಿಗೆ ಮೊದಲ ಚಳಿಗಾಲದಲ್ಲೇ ಎದುರಾಗುವ ತಾಪತ್ರಯ ಇದು. ಅಲ್ಲಿ ಫರ್ನೇಸ್ ಎಂದು ಕರೆಯುವ ಈ ಹೀಟರಿನಲ್ಲಿ ಉರಿಯುವುದು ಪ್ರೊಪೇನ್ ಆದರೂ, ಬಿಸಿ ಗಾಳಿಯನ್ನು ಒಳಗೆ ನೂಕುವುದು 12 ವೋಲ್ಟಿನ ಫ್ಯಾನ್. ಫ್ಯಾನಿನ ಗಾಳಿ ಹಾಯುವ ದಾರಿಯಲ್ಲಿ ತೆಳು ತಗಡಿನ ಒಂದು ಎಲೆ ನಿಂತಿರುತ್ತದೆ. ಅದರ ಹೆಸರು ಸೇಲ್ ಸ್ವಿಚ್. ಗಾಳಿ ರಭಸದಿಂದ ಬಂದು ಆ ಎಲೆಯನ್ನು ಸರಿಸಿದರೆ ಮಾತ್ರ ಗ್ಯಾಸಿನ ವಾಲ್ವ್ ತೆರೆಯುತ್ತದೆ. ಗಾಳಿಯಾಡದ ಕಡೆ ಬೆಂಕಿ ಹತ್ತಬಾರದು ಎಂಬ ಸುರಕ್ಷತೆಯ ಏರ್ಪಾಡು. ಬ್ಯಾಟರಿ ಸೊರಗಿದರೆ ಫ್ಯಾನ್ ನಿಧಾನವಾಗುತ್ತದೆ, ಎಲೆ ಅಲುಗುವುದಿಲ್ಲ, ಸಿಲಿಂಡರ್ ತುಂಬಿದ್ದರೂ ಮನೆ ತಣ್ಣಗಾಗುತ್ತದೆ.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮಧ್ಯಮ ಗಾತ್ರದ ಟ್ರೈಲರಿನ ಫರ್ನೇಸ್ ಫ್ಯಾನ್ ಏಳೆಂಟು ಆಂಪಿಯರ್ ಎಳೆಯುತ್ತದೆ. ಹನ್ನೊಂದು ಗಂಟೆಯ ಚಳಿ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿತು ಎಂದುಕೊಂಡರೂ ನಲವತ್ತು ಆಂಪಿಯರ್-ಅವರ್, ಅಂದರೆ ನಮ್ಮ ಬ್ಯಾಟರಿ ಅಂಗಡಿಯವರ ಭಾಷೆಯಲ್ಲಿ 40 ಎಎಚ್ ಖರ್ಚು. ಡೀಲರ್ ಟ್ರೈಲರಿನ ಜೊತೆ ಕೊಡುವುದು ಬಹುತೇಕ ‘ಗ್ರೂಪ್ 24’ ಅಳತೆಯ ಒಂದೇ ಒಂದು ಲೆಡ್ ಆ್ಯಸಿಡ್ ಬ್ಯಾಟರಿ. ಸುಮಾರು 80 ಎಎಚ್. ಅದರಲ್ಲಿ ಬಾಳಿಕೆಗೆ ಧಕ್ಕೆಯಾಗದಂತೆ ಬಳಸಬಹುದಾದದ್ದು ಅರ್ಧ. ಆ ನಲವತ್ತನ್ನು ಫರ್ನೇಸ್ ಒಂದೇ ನುಂಗಿತು. ದೀಪ, ನೀರಿನ ಪಂಪು, ಫ್ರಿಜ್ಜು ಎಲ್ಲ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಇಷ್ಟು ಸಣ್ಣ ಬ್ಯಾಟರಿ ಯಾಕೆ ಕೊಡುತ್ತಾರೆ? ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ಟ್ರೈಲರ್ ಕಟ್ಟುವ ಕಾರ್ಖಾನೆಗಳ ಮನಸ್ಸಿನಲ್ಲಿರುವುದು ಕ್ಯಾಂಪ್‌ಗ್ರೌಂಡ್. ಸಂಜೆ ಅಲ್ಲಿಗೆ ಹೋಗಿ ನಿಲ್ಲಿಸಿ, ಕಂಬದ ಸಾಕೆಟ್ಟಿಗೆ ದಪ್ಪ ಕೇಬಲ್ ಚುಚ್ಚಿದರೆ ಮುಗಿಯಿತು. ಟ್ರೈಲರಿನಲ್ಲಿ ಎರಡು ವಿದ್ಯುತ್ ವ್ಯವಸ್ಥೆಗಳು ಅಕ್ಕಪಕ್ಕ ಸಂಸಾರ ಮಾಡುತ್ತವೆ. ಏಸಿ, ಮೈಕ್ರೋವೇವ್, ಗೋಡೆಯ ಸಾಕೆಟ್ಟುಗಳಿಗೆ ಹೊರಗಿನಿಂದ ಬರುವ 120 ವೋಲ್ಟ್. ದೀಪ, ಪಂಪು, ಫರ್ನೇಸಿಗೆ ಬ್ಯಾಟರಿಯ 12 ವೋಲ್ಟ್. ಇವೆರಡರ ನಡುವೆ ಕನ್ವರ್ಟರ್ ಎಂಬ ಡಬ್ಬಿ ಕೂತು, ಕಂಬದ ಕರೆಂಟಿನಿಂದ ಬ್ಯಾಟರಿ ತುಂಬಿಸುತ್ತದೆ. ಕಂಬ ಇರುವಷ್ಟು ದಿನ ಬ್ಯಾಟರಿ ಇದೆ ಎಂಬುದೇ ಮರೆತುಹೋಗುತ್ತದೆ.

ಆದರೆ ಕಂಬದ ಹಂಗಿಲ್ಲದೆ ಇರಬೇಕೆಂಬ ಆಸೆ ಹೊಸದಲ್ಲ. ಏರ್‌ಸ್ಟ್ರೀಮ್ ಕಂಪನಿಯ ವಾಲಿ ಬಯಮ್ 1936ರಲ್ಲಿ ತಂದ ‘ಕ್ಲಿಪ್ಪರ್’ ಟ್ರೈಲರಿನಲ್ಲೇ ವಿದ್ಯುತ್ ದೀಪವೂ ಸ್ವಂತ ನೀರಿನ ಟ್ಯಾಂಕೂ ಇದ್ದವು. 1957ರ ‘ಇಂಟರ್‌ನ್ಯಾಷನಲ್’ ಮಾದರಿಯನ್ನು ಹೊರಗಿನ ಯಾವ ಸಂಪರ್ಕವೂ ಬೇಡದ ಟ್ರೈಲರ್ ಎಂದೇ ಮಾರಿದರು. ಆಗಿನ ಖರ್ಚು ಕೆಲವು ಬಲ್ಬುಗಳದು. ಈಗ ಅದೇ ಗಾತ್ರದ ಮನೆಗೆ ಟಿವಿ, ವೈಫೈ, ಕಂಪ್ರೆಸರ್ ಫ್ರಿಜ್ಜು ಬಂದು ಸೇರಿವೆ.

ಕಂಬಕ್ಕೆ ಚುಚ್ಚಿಕೊಂಡವರೂ ಪೂರ್ತಿ ನಿಶ್ಚಿಂತರಲ್ಲ. ಸಾಮಾನ್ಯ ಟ್ರೈಲರಿಗೆ ಸಿಗುವುದು 30 ಆಂಪಿಯರ್, ಅಂದರೆ 3,600 ವ್ಯಾಟ್. ಏಸಿಗೆ ಹದಿಮೂರು ಆಂಪಿಯರ್, ನೀರು ಕಾಯಿಸುವ ಗೀಜರಿಗೆ ಹನ್ನೆರಡು, ಅಷ್ಟರಲ್ಲಿ ಯಾರೋ ಮೈಕ್ರೋವೇವ್ ಒತ್ತಿದರೆ ಬ್ರೇಕರ್ ಬಿತ್ತು ಎಂದೇ ಅರ್ಥ. ಇದಕ್ಕಿಂತ ದೊಡ್ಡ ಗಂಡಾಂತರ ಮನೆಯಂಗಳದಲ್ಲಿ ಕಾದಿರುತ್ತದೆ. ಟ್ರೈಲರಿನ 30 ಆಂಪಿಯರ್ ಪ್ಲಗ್ಗಿಗೆ ಟಿಟಿ-30 ಎಂದು ಹೆಸರು. ಮೂರು ಕಾಲಿನ ಈ ಪ್ಲಗ್ಗು, ಬಟ್ಟೆ ಒಣಗಿಸುವ ಯಂತ್ರದ 240 ವೋಲ್ಟಿನ ಹಳೆಯ ಪ್ಲಗ್ಗಿನ ದಾಯಾದಿಯ ಹಾಗೆ ಕಾಣುತ್ತದೆ. ಟ್ರೈಲರಿಗೊಂದು ಸಾಕೆಟ್ ಹಾಕಿಕೊಡಿ ಎಂದು ಕರೆಸಿದ ಎಲೆಕ್ಟ್ರಿಷಿಯನ್, 30 ಆಂಪಿಯರ್ ಎಂದಮೇಲೆ 240 ಇರಲೇಬೇಕು ಎಂದುಕೊಂಡು ವೈರ್ ಎಳೆದುಬಿಡುತ್ತಾನೆ. ಚುಚ್ಚಿದ ಕ್ಷಣದಲ್ಲೇ ಮೈಕ್ರೋವೇವ್, ಕನ್ವರ್ಟರ್, ಟಿವಿ ಸಾಲಾಗಿ ಸುಡುತ್ತವೆ. ಅನುಭವಸ್ಥರು ಯಾವ ಹೊಸ ಸಾಕೆಟ್ಟಿಗೂ ಮೊದಲು ಮಲ್ಟಿಮೀಟರ್ ಇಡುತ್ತಾರೆ; 120ರ ಆಸುಪಾಸು ತೋರಿಸಿದರಷ್ಟೇ ಮುಂದಿನ ಮಾತು. ಬೇಸಿಗೆಯಲ್ಲಿ ಕ್ಯಾಂಪ್‌ಗ್ರೌಂಡಿನ ಎಲ್ಲ ಏಸಿಗಳೂ ಒಟ್ಟಿಗೆ ಓಡುವಾಗ ವೋಲ್ಟೇಜ್ ಕುಸಿಯುವುದೂ ಉಂಟು. ಅದಕ್ಕೆಂದೇ 104 ವೋಲ್ಟಿಗಿಂತ ಕೆಳಗಿಳಿದರೆ ಸಂಪರ್ಕ ಕಡಿದುಬಿಡುವ ರಕ್ಷಕ ಡಬ್ಬಿಗಳು ಬಂದಿವೆ.

ಕಂಬವೇ ಇಲ್ಲದ ಕಡೆ ಬದುಕು ಹೇಗೆ ಎಂದು ನೋಡಬೇಕಾದರೆ ಅರಿಝೋನಾದ ಕ್ವಾರ್ಟ್ಸೈಟಿಗೆ ಹೋಗಬೇಕು. ಜನಸಂಖ್ಯೆ ಎರಡೂವರೆ ಸಾವಿರಕ್ಕೂ ಕಡಿಮೆ. ಚಳಿಗಾಲ ಬಂತೆಂದರೆ ಉತ್ತರದ ಹಿಮದ ರಾಜ್ಯಗಳಿಂದ, ಕೆನಡಾದಿಂದ ಗಾಲಿ ಮನೆಗಳು ಇಳಿದು ಮರುಭೂಮಿಯ ತುಂಬ ಹರಡಿಕೊಳ್ಳುತ್ತವೆ. ಊರಿನ ದಕ್ಷಿಣಕ್ಕೆ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಇಲಾಖೆಯ ಲಾ ಪೋಸಾ ಎಂಬ 11,400 ಎಕರೆಯ ಬಯಲಿದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ವರೆಗೆ ಅಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡಬಹುದು. ಇಡೀ ಸೀಸನ್ನಿನ ಪರವಾನಗಿ ಬಹುಕಾಲ 180 ಡಾಲರ್ ಇತ್ತು. ನೀರು ತುಂಬಿಸಿಕೊಳ್ಳಲು, ಕೊಳಚೆ ಸುರಿಯಲು ಜಾಗವುಂಟು. ನಿಮ್ಮ ಟ್ರೈಲರ್ ನಿಂತ ಕಡೆಗೆ ಕರೆಂಟು ಮಾತ್ರ ಬರುವುದಿಲ್ಲ. ‘ನೋಮ್ಯಾಡ್‌ಲ್ಯಾಂಡ್’ ಸಿನಿಮಾ ನೋಡಿದವರಿಗೆ ಈ ಸೀಮೆಯ ಬಯಲು ನೆನಪಿರಬಹುದು.

ಇಲ್ಲಿ ಪಳಗಿದವರು ದೊಡ್ಡ ಬ್ಯಾಟರಿ ಯಾವುದು ಎಂದು ಕೇಳುವುದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ರಾತ್ರಿ ಖರ್ಚಾದದ್ದನ್ನು ಮರುದಿನದ ಹಗಲು ತುಂಬಿಕೊಡುತ್ತದೆಯೇ? ತುಂಬದಿದ್ದರೆ ಎಷ್ಟು ದೊಡ್ಡ ಬ್ಯಾಟರಿಯಾದರೂ ಎರಡನೆಯ ದಿನವಲ್ಲದಿದ್ದರೆ ಐದನೆಯ ದಿನ ಮಲಗಲೇಬೇಕು.

ಖರ್ಚಿನ ಕಡೆ ನೋಡಿದರೆ, ಹೆದರಬೇಕಾದದ್ದು ಜನ ಸಾಮಾನ್ಯವಾಗಿ ಹೆದರುವ ವಸ್ತುಗಳಿಗಲ್ಲ. ದೀಪದ ಬಗ್ಗೆ ಮಕ್ಕಳನ್ನು ಗದರುವ ಅಪ್ಪಂದಿರು ಎಲ್‌ಇಡಿ ಬಂದಮೇಲೆ ಸುಮ್ಮನಿರಬಹುದು. ಹಳೆಯ ಬಲ್ಬು ಒಂದೊಂದೂ ಒಂದೂವರೆ ಆಂಪಿಯರ್ ತಿನ್ನುತ್ತಿತ್ತು, ಎಲ್‌ಇಡಿಗೆ ಅದರ ಆರನೆಯ ಒಂದು ಪಾಲು ಸಾಕು. ನೀರಿನ ಪಂಪು ಸದ್ದು ಮಾಡುತ್ತದೆ, ಆದರೆ ದಿನಕ್ಕೆ ಓಡುವುದು ಕೆಲವೇ ನಿಮಿಷ. ದುಬಾರಿಯಾದದ್ದು ಎರಡು ಬಗೆ: ಗಂಟೆಗಟ್ಟಲೆ ಓಡುವಂಥದ್ದು, ಕಾಯಿಸುವಂಥದ್ದು. ಎರಡನೆಯದರ ಮಾತು ಮುಂದೆ ಬರುತ್ತದೆ; ಮೊದಲನೆಯದಕ್ಕೆ ಫರ್ನೇಸ್ ಫ್ಯಾನ್ ಮತ್ತು ಫ್ರಿಜ್ಜು ಉದಾಹರಣೆ. ಹಿಂದೆ ಟ್ರೈಲರುಗಳಲ್ಲಿ ಇರುತ್ತಿದ್ದದ್ದು ಗ್ಯಾಸಿನ ಉರಿಯಿಂದಲೇ ತಣ್ಣಗಾಗುವ ಫ್ರಿಜ್ಜು. 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಝಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಡುಹಿಡಿದ ತಂತ್ರ ಅದು. ಬ್ಯಾಟರಿಯಿಂದ ಅದು ಕೇಳುವುದು ಚೂರುಪಾರು. ಈಚಿನ ಟ್ರೈಲರುಗಳಿಗೆ ಬರುತ್ತಿರುವ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜು ಬೇಗ ತಣ್ಣಗಾಗುತ್ತದೆ, ಟ್ರೈಲರ್ ಒಂದು ಕಡೆಗೆ ವಾಲಿ ನಿಂತರೂ ದೂರುವುದಿಲ್ಲ. ಆದರೆ ದಿನಕ್ಕೆ ಐವತ್ತು ಅರವತ್ತು ಎಎಚ್ ಕೇಳುತ್ತದೆ. ಡೀಲರ್ ಕೊಟ್ಟ ಒಂಟಿ ಬ್ಯಾಟರಿಯ ಮೇಲೆ ಈ ಫ್ರಿಜ್ಜನ್ನೂ ಫರ್ನೇಸನ್ನೂ ಒಟ್ಟಿಗೆ ಹೇರಿ ಮಾರುವುದು ಗ್ರಾಹಕರಿಗೆ ಮಾಡುವ ಅನ್ಯಾಯವೇ ಸರಿ.

ಇನ್ನು ಕಣ್ಣಿಗೆ ಕಾಣದ ಸೋರಿಕೆ. ಗ್ಯಾಸ್ ಸೋರಿದರೆ ಕೂಗುವ ಅಲಾರಂ, ರೇಡಿಯೊದ ಗಡಿಯಾರ, ಫ್ರಿಜ್ಜಿನ ಸರ್ಕ್ಯೂಟ್ ಬೋರ್ಡು ಹಗಲೂ ರಾತ್ರಿ ಒಂದಿಷ್ಟು ಹೀರುತ್ತಲೇ ಇರುತ್ತವೆ. ಎಲ್ಲ ಸೇರಿ ಅರ್ಧ ಆಂಪಿಯರ್ ಎಂದರೂ ದಿನಕ್ಕೆ 12 ಎಎಚ್. ಮನೆಯ ಮುಂದೆ ಸುಮ್ಮನೆ ನಿಲ್ಲಿಸಿದ ಟ್ರೈಲರಿನ ಬ್ಯಾಟರಿ ವಾರದೊಳಗೆ ನೆಲ ಕಚ್ಚುವುದು ಹೀಗೆ. ಮೈನಸ್ ಕೇಬಲ್ಲಿಗೊಂದು ಡಿಸ್ಕನೆಕ್ಟ್ ಸ್ವಿಚ್ ಹಾಕಿಸಿದರೆ ಈ ಕಾಟ ತಪ್ಪುತ್ತದೆ. ಶೀತಲ ಪ್ರದೇಶದವರಿಗೆ ಇದು ಇನ್ನೂ ಮುಖ್ಯ. ಪೂರ್ತಿ ತುಂಬಿದ ಲೆಡ್ ಆ್ಯಸಿಡ್ ಬ್ಯಾಟರಿ ಸಾಮಾನ್ಯ ಚಳಿಗೆಲ್ಲ ಹೆಪ್ಪುಗಟ್ಟುವುದಿಲ್ಲ, ಬರಿದಾದದ್ದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗಿಳಿದರೆ ಒಡೆದುಹೋಗಬಹುದು.

ಲೆಡ್ ಆ್ಯಸಿಡ್ ಬ್ಯಾಟರಿಯ ಸ್ವಭಾವ ಕನ್ನಡದ ಓದುಗರಿಗೆ ಹೊಸದಾಗಿ ಹೇಳಬೇಕಿಲ್ಲ. ಮನೆಯ ಯುಪಿಎಸ್ ಪಕ್ಕದಲ್ಲಿ ಕೂತ ಟ್ಯೂಬುಲರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿದವರೆಲ್ಲ ಬಲ್ಲರು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಮಾಡಿದ್ದರ ವಂಶಸ್ಥರೇ ಇವೆಲ್ಲ. ತುಂಬಿದಾಗ 12.6 ಅಥವಾ 12.7 ವೋಲ್ಟ್, ಅರ್ಧವಾದಾಗ 12.1ರ ಹತ್ತಿರ. ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ, ಇಳಿಸಿ ಹಾಗೇ ಬಿಟ್ಟರೆ, ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಶಕ್ತಿ ಬರುವುದಿಲ್ಲ. ಲಾ ಪೋಸಾದ ಹಳಬರು ಇದಕ್ಕೆ ಕಂಡುಕೊಂಡಿದ್ದು ಗಾಲ್ಫ್ ಮೈದಾನದ ಗಾಡಿಗೆ ಹಾಕುವ 6 ವೋಲ್ಟಿನ ಬ್ಯಾಟರಿ. ಎರಡನ್ನು ಸರಣಿಯಲ್ಲಿ ಜೋಡಿಸಿದರೆ 12 ವೋಲ್ಟ್, ಸುಮಾರು 220 ಎಎಚ್. ಒಂದೊಂದೂ 28 ಕಿಲೊ ತೂಗುತ್ತದೆ, ಎರಡೂ ಟ್ರೈಲರಿನ ಮೂಕಿಯ ಮೇಲೆ ಕೂರಬೇಕು. ಆ ಭಾರವನ್ನು ಹೊರುವುದು ಟ್ರಕ್ಕಿನ ಹಿಂಭಾಗ.

ತುಂಬಿಸುವುದರಲ್ಲೂ ಈ ಬ್ಯಾಟರಿಗೆ ಒಂದು ಹಟವಿದೆ. ಮುಕ್ಕಾಲು ಭಾಗದವರೆಗೆ ಸರಸರನೆ ಕರೆಂಟು ಕುಡಿಯುತ್ತದೆ, ಕೊನೆಯ ಐದನೆಯ ಒಂದು ಪಾಲಿಗೆ ಗಂಟೆಗಟ್ಟಲೆ ಕಾಯಿಸುತ್ತದೆ. ಅದಕ್ಕೇ ಜಾಣರು ಜನರೇಟರನ್ನು ಬೆಳಿಗ್ಗೆಯೇ ಓಡಿಸುತ್ತಾರೆ. ರಾತ್ರಿ ಬರಿದಾದ ಬ್ಯಾಟರಿಗೆ ಎರಡು ಗಂಟೆ ಜನರೇಟರಿನ ಜೋರಾದ ಕರೆಂಟು ಕೊಟ್ಟು, ಉಳಿದ ನಿಧಾನದ ಕೆಲಸವನ್ನು ಮಧ್ಯಾಹ್ನದ ಸೋಲಾರ್ ಪ್ಯಾನೆಲ್ಲಿಗೆ ಬಿಡುವುದು ಅವರ ಕ್ರಮ. ಸಂಜೆ ಹೊತ್ತಿಗೆ ಜನರೇಟರ್ ಹಚ್ಚುವವನು ಪೆಟ್ರೋಲನ್ನೂ ಸುಡುತ್ತಾನೆ, ನೆರೆಯವರ ಸ್ನೇಹವನ್ನೂ ಕೆಡಿಸಿಕೊಳ್ಳುತ್ತಾನೆ.

ಮರುಭೂಮಿ ಎಂದಮೇಲೆ ಸೋಲಾರ್ ಧಾರಾಳವಾಗಿರಬೇಕಲ್ಲವೇ? ಆಕಾಶದಲ್ಲಿ ಮೋಡವಿಲ್ಲ ನಿಜ, ಆದರೆ ಚಳಿಗಾಲದ ಸೂರ್ಯ ತಗ್ಗಿನಲ್ಲೇ ಸಾಗುತ್ತಾನೆ. ಬೆಂಗಳೂರಿನಲ್ಲಿ ಡಿಸೆಂಬರ್ 21ರ ನಡುಹಗಲು ಸೂರ್ಯ ದಿಗಂತದಿಂದ 53 ಡಿಗ್ರಿಗಿಂತ ಮೇಲಿದ್ದರೆ, ಕ್ವಾರ್ಟ್ಸೈಟಿನಲ್ಲಿ 33 ಡಿಗ್ರಿ ಮಾತ್ರ. ಟ್ರೈಲರಿನ ಚಾವಣಿಗೆ ಚಪ್ಪಟೆಯಾಗಿ ಅಂಟಿಸಿದ ಪ್ಯಾನೆಲ್ಲಿನ ಮೇಲೆ ನಡುಹಗಲಲ್ಲೂ ನೇರ ಬಿಸಿಲಿನ ಅರ್ಧದಷ್ಟೇ ಬೀಳುತ್ತದೆ. ಇಡೀ ದಿನಕ್ಕೆ 200 ವ್ಯಾಟಿನ ಪ್ಯಾನೆಲ್ಲಿನಿಂದ 35ರಿಂದ 40 ಎಎಚ್ ಸಿಕ್ಕರೆ ಪುಣ್ಯ. ಫರ್ನೇಸ್ ರಾತ್ರಿ ನುಂಗಿದ್ದು ಅಷ್ಟೇ, ನೆನಪಿರಲಿ. ಅದೇ ಪ್ಯಾನೆಲ್ಲನ್ನು ದಕ್ಷಿಣಕ್ಕೆ ವಾಲಿಸಿ ನಿಲ್ಲಿಸಿದರೆ ಗಳಿಕೆ ಸುಮಾರು ಒಂದೂವರೆ ಪಟ್ಟಾಗುತ್ತದೆ. ಹಾಗಾಗಿಯೇ ಲಾ ಪೋಸಾದಲ್ಲಿ ಚಾವಣಿಯ ಪ್ಯಾನೆಲ್ಲುಗಳ ಒಂದು ಅಂಚಿಗೆ ಕಾಲು ಕೊಟ್ಟು ಎತ್ತಿರುತ್ತಾರೆ, ಇಲ್ಲವೇ ಸೂಟ್‌ಕೇಸಿನ ಹಾಗೆ ಮಡಚುವ ಪ್ಯಾನೆಲ್ಲನ್ನು ನೆಲದ ಮೇಲಿಟ್ಟು ಹೊತ್ತು ಸರಿದಂತೆ ತಿರುಗಿಸುತ್ತಾರೆ. ಗಾಳಿ ಬೀಸಿದಾಗ ಅದು ಮಗುಚಿಕೊಳ್ಳದಂತೆ ನೀರಿನ ಕ್ಯಾನ್ ಕಟ್ಟುವುದೂ ಉಂಟು.

ಈ ಲೆಕ್ಕವನ್ನೆಲ್ಲ ಕಳೆದ ಹತ್ತು ವರ್ಷಗಳಲ್ಲಿ ಲಿಥಿಯಂ ತಲೆಕೆಳಗು ಮಾಡಿತು. ಟ್ರೈಲರಿಗೆ ಹಾಕುವುದು ಮೊಬೈಲಿನ ಲಿಥಿಯಂ ಅಲ್ಲ. ಹೆಚ್ಚು ಶಾಂತ ಸ್ವಭಾವದ, ಸುಲಭಕ್ಕೆ ಬೆಂಕಿ ಹತ್ತದ ಲಿಥಿಯಂ ಐರನ್ ಫಾಸ್ಫೇಟ್. ಟೆಕ್ಸಾಸ್ ವಿಶ್ವವಿದ್ಯಾಲಯದ ಜಾನ್ ಗುಡ್‌ಇನಫ್ ಅವರ ಪ್ರಯೋಗಾಲಯದಿಂದ 1997ರಲ್ಲಿ ಹೊರಬಂದ ಪ್ರಬಂಧ ಇದಕ್ಕೆ ಬುನಾದಿ. ಆ ಪ್ರಬಂಧದ ಮೇಲಿರುವ ಮೂರು ಹೆಸರುಗಳು ಎ. ಕೆ. ಪಾಢಿ, ಕೆ. ಎಸ್. ನಂಜುಂಡಸ್ವಾಮಿ, ಜೆ. ಬಿ. ಗುಡ್‌ಇನಫ್. ನಡುವಿನ ಹೆಸರು ಕನ್ನಡದ ಕಿವಿಗೆ ಎಷ್ಟು ಪರಿಚಿತ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್‌ಇನಫ್ ಅವರಿಗೆ 2019ರಲ್ಲಿ, 97ನೆಯ ವಯಸ್ಸಿನಲ್ಲಿ, ಲಿಥಿಯಂ ಅಯಾನ್ ಬ್ಯಾಟರಿಯ ಕೆಲಸಕ್ಕಾಗಿ ಇನ್ನಿಬ್ಬರೊಂದಿಗೆ ನೊಬೆಲ್ ಬಂತು.

ಹೊಸ ಬ್ಯಾಟರಿಯ 100 ಎಎಚ್‌ನಲ್ಲಿ ತೊಂಬತ್ತಾದರೂ ಧೈರ್ಯವಾಗಿ ಬಳಸಬಹುದು. ತೂಕ ಹನ್ನೆರಡು ಹದಿಮೂರು ಕಿಲೊ. ಸಾವಿರಾರು ಸಲ ಬರಿದು ಮಾಡಿ ತುಂಬಿಸಿದರೂ ತಡೆಯುತ್ತದೆ, ಕೊನೆಯವರೆಗೂ ಕರೆಂಟನ್ನು ಒಂದೇ ವೇಗದಲ್ಲಿ ಕುಡಿಯುತ್ತದೆ. ಒಂದು ಕಾಲಕ್ಕೆ ಸಾವಿರ ಡಾಲರಿನ ಹತ್ತಿರವಿದ್ದ ಬೆಲೆ ಈಗ ಮುನ್ನೂರಕ್ಕೂ ಕೆಳಗೆ ಇಳಿದಿದೆ. ಇಷ್ಟೆಲ್ಲ ಗುಣಗಳ ಜೊತೆಗೆ ಅದು ಕೆಲವು ಹೊಸ ಕಿರಿಕಿರಿಗಳನ್ನೂ ತಂದಿತು.

ಮೊದಲನೆಯದು, ಎಷ್ಟು ಉಳಿದಿದೆ ಎಂದು ವೋಲ್ಟ್‌ಮೀಟರ್ ಹೇಳುವುದಿಲ್ಲ. ಅಡುಗೆ ಗ್ಯಾಸಿನ ಉರಿ ಸಿಲಿಂಡರ್ ಮುಗಿಯುವ ಗಳಿಗೆಯವರೆಗೂ ಒಂದೇ ಸಮನಿರುತ್ತದಲ್ಲ, ಹಾಗೆ ಇದರ ವೋಲ್ಟೇಜು 13ರ ಆಸುಪಾಸಿನಲ್ಲೇ ನಿಂತು, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಅದಕ್ಕೆ ಶಂಟ್ ಬೇಕು. ಮೈನಸ್ ಕೇಬಲ್ಲಿನ ನಡುವೆ ಕೂರುವ ಒಂದು ಹಿತ್ತಾಳೆಯ ತುಂಡು. 500 ಆಂಪಿಯರ್ ಹರಿದಾಗ ಅದರ ಎರಡು ತುದಿಗಳ ನಡುವೆ 50 ಮಿಲಿವೋಲ್ಟ್ ಹುಟ್ಟುತ್ತದೆ. ಆ ಸೂಕ್ಷ್ಮ ವ್ಯತ್ಯಾಸವನ್ನು ಮೀಟರ್ ಅಳೆದು, ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು ಎಂದು ಮೊಬೈಲಿಗೆ ಲೆಕ್ಕ ಕಳಿಸುತ್ತದೆ. ಕೂರಿಸುವಾಗ ಒಂದು ಎಚ್ಚರ: ಎಲ್ಲ ಮೈನಸ್ ವೈರುಗಳೂ ಶಂಟಿನ ಆಚೆ ಬದಿಗೇ ಸೇರಬೇಕು. ಸೋಲಾರಿನ ಒಂದು ವೈರ್ ಅಥವಾ ಟ್ರೈಲರಿನ ಚಾಸಿಗೆ ಹೋಗುವ ಅರ್ತ್ ವೈರ್ ನೇರ ಬ್ಯಾಟರಿಯ ಟರ್ಮಿನಲ್ಲಿಗೇ ಕಟ್ಟಿಕೊಂಡಿದ್ದರೆ, ಅದರ ವ್ಯವಹಾರ ಲೆಕ್ಕಕ್ಕೆ ಸಿಗದೆ ಕಳ್ಳದಾರಿಯಲ್ಲಿ ನಡೆಯುತ್ತಿರುತ್ತದೆ. ಶೇಕಡ 80 ಇದೆ ಎಂದು ಮೀಟರ್ ಹೇಳುತ್ತಿರುವಾಗಲೇ ದೀಪ ಆರುವುದು ಇಂಥ ಕಡೆ.

ಎರಡನೆಯದು ಚಳಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯಿಂದ ಕರೆಂಟು ತೆಗೆಯಬಹುದು, ತುಂಬಿಸಬಾರದು. ತುಂಬಿಸಿದರೆ ಲಿಥಿಯಂ ಲೋಹವಾಗಿ ಋಣ ಫಲಕದ ಮೇಲೆ ಪದರುಗಟ್ಟಿ ಬ್ಯಾಟರಿಯನ್ನು ಖಾಯಂ ಆಗಿ ಕೆಡಿಸುತ್ತದೆ. ಒಳ್ಳೆಯ ಬ್ಯಾಟರಿಗಳ ಒಳಗಿರುವ ನಿಯಂತ್ರಕ ಸರ್ಕ್ಯೂಟ್, ಅಂದರೆ ಬಿಎಂಎಸ್, ಚಳಿಯಲ್ಲಿ ಚಾರ್ಜಿಂಗನ್ನೇ ತಡೆಯುತ್ತದೆ. ಕೆಲವಕ್ಕೆ ತಾವೇ ಬೆಚ್ಚಗಾಗುವ ಪ್ಯಾಡ್ ಇರುತ್ತದೆ. ಮೂಕಿಯ ಮೇಲೆ ಹೊರಗಿದ್ದ ಬ್ಯಾಟರಿ ಟ್ರೈಲರಿನೊಳಗೆ, ಮಂಚದ ಕೆಳಗೆ ಬಂದದ್ದು ಹೀಗೆ. ಜಲಜನಕ ಬಿಡುವ ಹಳೆಯ ಬ್ಯಾಟರಿಯನ್ನು ಹಾಗೆ ಮಲಗುವ ಕೋಣೆಯಲ್ಲಿ ಇಡುವಂತಿರಲಿಲ್ಲ.

ಉಳಿದವು ಹಳೆಯ ಸಲಕರಣೆಗಳ ತಕರಾರು. ಹಳೆಯ ಕನ್ವರ್ಟರ್ ಕೊಡುವ 13.6 ವೋಲ್ಟಿಗೆ ಲಿಥಿಯಂ ಪೂರ್ತಿ ತುಂಬುವುದಿಲ್ಲ, ಅದಕ್ಕೆ 14.2ಕ್ಕಿಂತ ಹೆಚ್ಚು ಬೇಕು. ಟ್ರಕ್ಕಿನ ಏಳು ಪಿನ್ನಿನ ಕನೆಕ್ಟರಿನಲ್ಲಿ ಬರುವ ಸಣ್ಣ ವೈರ್ ದಾರಿಯುದ್ದಕ್ಕೂ ಬ್ಯಾಟರಿ ತುಂಬಿಸುತ್ತದೆ ಎಂದು ನಂಬಿದವರಿಗೆ ಸಿಗುವುದು ಗಂಟೆಗೆ ಬೆರಳೆಣಿಕೆಯಷ್ಟು ಎಎಚ್. ದಪ್ಪ ವೈರ್ ಎಳೆಸಿದರೆ ಲಿಥಿಯಂನ ಹಸಿವಿಗೆ ಟ್ರಕ್ಕಿನ ಆಲ್ಟರ್ನೇಟರೇ ಬಿಸಿಯಾಗಿ ಬಳಲಬಹುದು. ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿ ಅದಕ್ಕೆ ಮಿತಿ ಕಟ್ಟುತ್ತಾರೆ.

ಬ್ಯಾಟರಿ ದೊಡ್ಡದಾದೊಡನೆ ಆಸೆಯೂ ದೊಡ್ಡದಾಗುತ್ತದೆ: ಇನ್ವರ್ಟರ್ ಹಾಕಿ ಮನೆಯ ಉಪಕರಣಗಳನ್ನೆಲ್ಲ ಓಡಿಸುವ ಆಸೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಬಾಡಿಗೆಗೆ ಪಡೆದು ಹೊರಡುವ ಕನ್ನಡ ಕುಟುಂಬದ ಸಾಮಾನುಗಳನ್ನೇ ತೆಗೆದುಕೊಳ್ಳಿ. 110 ವೋಲ್ಟಿನ 550 ವ್ಯಾಟ್ ಮಿಕ್ಸಿ ಐದು ನಿಮಿಷ ಅಬ್ಬರಿಸಿ ಚಟ್ನಿ ರುಬ್ಬಿದರೆ ಖರ್ಚು ನಾಲ್ಕು ಎಎಚ್. ಸದ್ದಿಲ್ಲದೆ ಮೂಲೆಯಲ್ಲಿ ಅನ್ನ ಮಾಡುವ 500 ವ್ಯಾಟಿನ ಕುಕ್ಕರ್ ಅರ್ಧ ಗಂಟೆಗೆ ಇಪ್ಪತ್ತಕ್ಕೂ ಹೆಚ್ಚು ತಿನ್ನುತ್ತದೆ. ಸಾವಿರ ವ್ಯಾಟಿನ ಕಾಫಿ ಮೇಕರ್ ಹತ್ತು ನಿಮಿಷಕ್ಕೆ ಹದಿನೈದು. ಅದೇ ಅನ್ನವನ್ನು, ಅದೇ ಕಾಫಿಯನ್ನು ಗ್ಯಾಸ್ ಒಲೆಯ ಮೇಲೆ ಮಾಡಿದರೆ ಬ್ಯಾಟರಿಗೆ ಸುದ್ದಿಯೇ ತಿಳಿಯುವುದಿಲ್ಲ. ಎರಡು ಸಾವಿರ ವ್ಯಾಟಿನ ಇನ್ವರ್ಟರ್ ಪೂರ್ತಿ ದುಡಿಯುವಾಗ ಬ್ಯಾಟರಿಯಿಂದ 180 ಆಂಪಿಯರಿಗೂ ಮೇಲೆ ಎಳೆಯುತ್ತದೆ. ಬೆರಳು ದಪ್ಪದ ತಾಮ್ರದ ಕೇಬಲ್ಲೂ ಅದಕ್ಕೆ ತಕ್ಕ ಫ್ಯೂಸೂ ಇಲ್ಲದೆ ಅದನ್ನು ಕೂರಿಸುವುದು ಬೆಂಕಿಗೆ ಆಹ್ವಾನ. ಕೆಲಸವಿಲ್ಲದೆ ಚಾಲೂ ಇದ್ದರೂ ಅದು ಗಂಟೆಗೆ ಒಂದೆರಡು ಎಎಚ್ ತಿನ್ನುತ್ತಿರುತ್ತದೆ.

ಇಷ್ಟೆಲ್ಲ ಮಾಡಿ ಚಳಿಯನ್ನು ಗೆಲ್ಲಬಹುದು, ಸೆಕೆಯನ್ನು ಗೆಲ್ಲುವುದು ಕಷ್ಟ. ಚಾವಣಿಯ ಏಸಿ ಗಂಟೆಗೆ ಸುಮಾರು 1,400 ವ್ಯಾಟ್-ಅವರ್ ಕೇಳುತ್ತದೆ. 100 ಎಎಚ್ ಲಿಥಿಯಂ ಬ್ಯಾಟರಿಯಲ್ಲಿರುವುದು 1,280. ಎಂಟು ಗಂಟೆ ತಂಪಾಗಿರಬೇಕಾದರೆ ಅಂಥವು ಒಂಬತ್ತು ಬೇಕು, ಅವನ್ನು ಮರುದಿನ ತುಂಬಿಸಲು ಚಾವಣಿಯಷ್ಟೂ ಪ್ಯಾನೆಲ್ಲು ಹೊದಿಸಿದರೂ ಸಾಲದೆ ಹೋಗಬಹುದು. ಕೊಲೊರಾಡೊದ ಲೈಟ್‌ಶಿಪ್ ಕಂಪನಿ 2023ರಲ್ಲಿ 80 ಕಿಲೊವ್ಯಾಟ್-ಅವರ್ ಬ್ಯಾಟರಿಯ ಟ್ರೈಲರನ್ನು ತೋರಿಸಿತು. ಅದರ ಚಕ್ರಗಳಿಗೂ ಮೋಟಾರಿದ್ದು ಟ್ರಕ್ಕಿನ ಭಾರ ಹಗುರ ಮಾಡುತ್ತದೆ. ಬೆಲೆ ಲಕ್ಷ ಡಾಲರಿನ ಮೇಲಿನ ಮಾತು. ಲಾ ಪೋಸಾದ ಬಹುಪಾಲು ಜನಕ್ಕೆ ಅದು ಎಟುಕುವ ಸಂಗತಿಯಲ್ಲ. ಬಿಸಿಲು ಏರುತ್ತಿದ್ದಂತೆ ಅವರು ಗಂಟುಮೂಟೆ ಕಟ್ಟಿ ಉತ್ತರಕ್ಕೆ ಹೊರಡುತ್ತಾರೆ.

ದಾರಿಯಲ್ಲಿ ಟ್ರಕ್ಕೇ ಕರೆಂಟು ಕೊಡುತ್ತದಲ್ಲ, ಬ್ಯಾಟರಿ ಸತ್ತಿದ್ದರೇನು ಎನ್ನುವವರಿದ್ದಾರೆ. ಅವರು ಮರೆಯುವುದು ಬ್ರೇಕನ್ನು. ಮೂಕಿಯ ಪಕ್ಕದಲ್ಲಿ ಟ್ರಕ್ಕಿಗೆ ಸಿಕ್ಕಿಸಿದ ಒಂದು ತೆಳು ಉಕ್ಕಿನ ತಂತಿ ಇರುತ್ತದೆ, ಅದರ ಇನ್ನೊಂದು ತುದಿ ಬ್ರೇಕ್‌ಅವೇ ಸ್ವಿಚ್ಚಿನೊಳಗೆ. ಟ್ರೈಲರ್ ಕಳಚಿಕೊಂಡರೆ ತಂತಿ ಸ್ವಿಚ್ಚಿನ ಪಿನ್ನನ್ನು ಕೀಳುತ್ತದೆ. ಆಗ ಟ್ರೈಲರಿನ ವಿದ್ಯುತ್ ಬ್ರೇಕುಗಳು ತಮ್ಮಷ್ಟಕ್ಕೆ ಕಚ್ಚಿಕೊಳ್ಳುತ್ತವೆ. ವಾಣಿಜ್ಯ ವಾಹನಗಳಿಗೆ ಅಮೆರಿಕದ ಕೇಂದ್ರ ನಿಯಮವು ಆ ಬ್ರೇಕು ಕನಿಷ್ಠ 15 ನಿಮಿಷ ಹಿಡಿದಿರಬೇಕು ಎನ್ನುತ್ತದೆ. ಟ್ರಕ್ಕಿನ ಕನೆಕ್ಟರ್ ಅಷ್ಟರಲ್ಲಿ ಕಿತ್ತುಹೋಗಿರುವುದರಿಂದ ಆ ಕರೆಂಟು ಬರಬೇಕಾದದ್ದು ಟ್ರೈಲರಿನ ಬ್ಯಾಟರಿಯಿಂದಲೇ. ಲಿಥಿಯಂ ಹಾಕಿಸಿಕೊಂಡವರಿಗೆ ಇಲ್ಲೊಂದು ಹೆಚ್ಚಿನ ಕೆಲಸವಿದೆ: ಬ್ಯಾಟರಿ ಬರಿದಾಗಿ ಬಿಎಂಎಸ್ ಬಾಗಿಲು ಮುಚ್ಚಿದ್ದರೆ, ಅಥವಾ ಡಿಸ್ಕನೆಕ್ಟ್ ಸ್ವಿಚ್ಚು ಬ್ರೇಕಿನ ವೈರನ್ನೂ ಸೇರಿಸಿ ಕಡಿದಿದ್ದರೆ, ಬ್ರೇಕಿಗೆ ಏನೂ ಸಿಗುವುದಿಲ್ಲ. ಹೊರಡುವ ಮುನ್ನ ಟ್ರಕ್ಕಿನ ಕನೆಕ್ಟರ್ ಬಿಚ್ಚಿಟ್ಟು, ಆ ಪಿನ್ನನ್ನು ಕಿತ್ತು, ಟ್ರೈಲರನ್ನು ಅಂಗುಲದಷ್ಟು ಎಳೆದು, ಚಕ್ರ ಹಿಡಿಯುತ್ತದೆಯೇ ಎಂದು ನೋಡುವುದಕ್ಕೆ ಎರಡು ನಿಮಿಷ ಸಾಕು. ನೋಡಿದ ಮೇಲೆ ಪಿನ್ನನ್ನು ಕೂಡಲೇ ಮತ್ತೆ ಸಿಕ್ಕಿಸಬೇಕು, ಇಲ್ಲದಿದ್ದರೆ ಬ್ರೇಕಿನ ಸುರುಳಿಗಳು ಕಾದು ಸುಡುತ್ತವೆ.